ಹೆಬ್ಬೆರಳ ಗುರುತಿನ ರೊಟ್ಟಿ

ಅವರ ಬಲಗೈ ಬೆರಳ ತುದಿಗಳಲ್ಲಿ ರೇಖೆಗಳೇ ಇರಲಿಲ್ಲ. ಕಾದ ಹಂಚಿನ ಮೇಲಿನ ರೊಟ್ಟಿಯನ್ನು ಇಪ್ಪತ್ತು ವರ್ಷ ಬರಿಗೈಯಲ್ಲೇ ಮಗುಚಿ ಚರ್ಮ ನುಣ್ಣಗಾಗಿತ್ತು. ರೇಷನ್ ಅಂಗಡಿಯ ಯಂತ್ರ ಅವರ ಹೆಬ್ಬೆರಳನ್ನು ಒಪ್ಪುತ್ತಿರಲಿಲ್ಲ. "ನಾ ಇಲ್ಲೇ ನಿಂತೀನಲ್ಲೋ, ನಿನ್ನ ಮಷೀನಿಗೆ ಕಾಣ್ಸೂದಿಲ್ಲೇನು?" ಎಂದು ಪ್ರತಿ ತಿಂಗಳೂ ಜಗಳ.

ಮನೆಯಲ್ಲೇ ರೊಟ್ಟಿ ಬಡಿದು ಮಾರುತ್ತಿದ್ದ ಅವರು ಬಸವಕಲ್ಯಾಣದ ನಮ್ಮ ಓಣಿಗೆಲ್ಲ ರೊಟ್ಟಿ ಅಕ್ಕ. ನಾನು ಹುಮನಾಬಾದಿನ ಶಾಲೆಗೆ ಬಸ್ಸಿನಲ್ಲಿ ಹೋಗಿಬರುವ ಟೀಚರ್. ಬೆಳಗ್ಗೆ ಅವರ ಮನೆಯಲ್ಲಿ ಎರಡು ರೊಟ್ಟಿ, ಒಂದಿಷ್ಟು ಪುಂಡಿಪಲ್ಯ ಕಟ್ಟಿಸಿಕೊಂಡೇ ಬಸ್ ಹತ್ತುತ್ತಿದ್ದೆ. ಅಕ್ಕನ ಗಂಡ ತೀರಿಹೋಗಿದ್ದರು, ಇದ್ದವಳು ಒಬ್ಬಳೇ ಮಗಳು. ಡಿಗ್ರಿ ಎರಡನೇ ವರ್ಷದಲ್ಲಿ ಅವಳಿಗೆ ಮಾಳಿಗೆಯ ಮೇಲೆ ಯಾರೋ ತನ್ನ ಬಗ್ಗೆಯೇ ಮಾತಾಡುವುದು ಕೇಳಿಸತೊಡಗಿತು. ನಿದ್ದೆ ಹೋಯಿತು, ಕಾಲೇಜು ನಿಂತಿತು. ದಾರ ಕಟ್ಟಿಸಿದ್ದಾಯಿತು, ನಿಂಬೆಹಣ್ಣು ಇಳಿಸಿದ್ದಾಯಿತು. ಕೊನೆಗೆ ಹುಮನಾಬಾದಿನ ಡಾಕ್ಟರು ಗುಳಿಗೆ ಬರೆದುಕೊಟ್ಟರೆ ಅವಳು ಮುಟ್ಟಲಿಲ್ಲ. ಯಾರಾದರೂ ಕನಿಕರದ ದನಿಯಲ್ಲಿ ಮಗಳ ಬಗ್ಗೆ ವಿಚಾರಿಸಿದರೆ ಅಕ್ಕ, "ಆರಾಮ ಅದಾಳ. ನಿಮ್ಮ ತಬಿಯತ್ ಹ್ಯಾಂಗದ?" ಎಂದು ತಿರುಗಿ ಕೇಳಿಬಿಡುತ್ತಿದ್ದರು.

ಒಂದು ದಿನ ಮಧ್ಯಾಹ್ನ ಊಟ ಮುಗಿಸಿ ತರಗತಿಗೆ ಹೋದವಳು ಕುರ್ಚಿಯಲ್ಲೇ ತೂಕಡಿಸಿದೆ. ಸಂಜೆ ಬಸ್ಸಿನಲ್ಲಂತೂ ಎಂಥ ನಿದ್ದೆ ಹತ್ತಿತೆಂದರೆ, ಬಸವಕಲ್ಯಾಣ ದಾಟಿಹೋಗಿ ಹುಲಸೂರಿನಲ್ಲಿ ಕಂಡಕ್ಟರ್ ಎಬ್ಬಿಸಬೇಕಾಯಿತು. ಮರುದಿನ ಇದನ್ನು ನಗುತ್ತ ಹೇಳಿದರೆ ಅಕ್ಕನ ಮುಖ ಬಿಳಿಚಿತು.

"ರೊಟ್ಟಿ ಅಂಚಿಗೆ ಹೆಬ್ಬೆರಳ ಗುರ್ತು ಇತ್ತೇನ್ರಿ ಟೀಚರ್?"

ಇತ್ತು. ಗುಳಿಗೆ ಪುಡಿ ಮಾಡಿ, ಹಿಟ್ಟಿನಲ್ಲಿ ನಾದಿ, ಮಗಳ ರೊಟ್ಟಿಗೆ ಅಂಚಿನಲ್ಲಿ ಹೆಬ್ಬೆರಳೊತ್ತಿ ಬೇರೆ ಇಡುತ್ತಿದ್ದರಂತೆ. ಅವತ್ತು ಗಡಿಬಿಡಿಯಲ್ಲಿ ಅದು ನನ್ನ ಬುತ್ತಿ ಸೇರಿತ್ತು.

ನಾನು ಬಾಯಿಗೆ ಬಂದಂತೆ ಬೈದೆ. ಸಿಟ್ಟಿಳಿದ ಮೇಲೆ ಹೇಳಿದ ಬುದ್ಧಿಮಾತಾದರೂ ಏನು? ಅವಳ ರೊಟ್ಟಿಗೆ ಬೇರೆ ಡಬ್ಬಿ ಮಾಡ್ರಿ, ಅಷ್ಟೇ. ಅಕ್ಕ ತಲೆಯಲ್ಲಾಡಿಸಿದರು.

"ಇಲ್ರಿ. ಮಂದಿ ಎಲ್ಲಾ ಕೂಡಿ ಏನೋ ಮಾಡಾಕತ್ತಾರ ಅಂತಾಳಲ್ಲ, ನಾಳಿ ಆಕಿಗೆ ಇದು ಗೊತ್ತಾದ್ರ ಆ ಮಂದ್ಯಾಗ ನಾನೂ ಸೇರ್ದಂಗ ಆಗ್ತದ."

ಆಗಲೇ ಮಗಳನ್ನು ಕರೆದು ನನ್ನೆದುರಿಗೇ ಎಲ್ಲ ಹೇಳಿದರು. "ತಪ್ಪಾತವಾ" ಎಂದರು. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮೂರು ದಿನ ಆ ಮನೆಯಲ್ಲಿ ಬೇಯಿಸಿದ್ದನ್ನು ಅವಳು ಬಾಯಿಗಿಡಲಿಲ್ಲ. ತಾನೇ ಒಡೆದ ಬಿಸ್ಕೆಟ್ ಪೊಟ್ಟಣ, ತಾನೇ ಸುಲಿದ ಬಾಳೆಹಣ್ಣು. ಅಕ್ಕ ಬಲವಂತ ಮಾಡಲಿಲ್ಲ. ಹಿಟ್ಟು, ನೀರು ಅವಳ ಮುಂದಿಟ್ಟು "ನಿಂದು ನೀನೇ ಬಡ್ಕೋ" ಎಂದರು. ಸಂಜೆಯಾದರೆ ಗುಳಿಗೆಯನ್ನು ಅವಳ ಅಂಗೈಯಲ್ಲಿಡುತ್ತಿದ್ದರು. "ಇದು ಗುಳಿಗಿ. ನಿದ್ದಿ ಬರ್ತದ, ಬಾಯಿ ಒಣಗ್ತದ. ತೊಗೋತಿ, ಬಿಡ್ತಿ, ನಂಗ ಖುಲ್ಲಾ ಹೇಳು." ಎಷ್ಟೋ ಸಂಜೆ ಅದು ಗೋಡೆಗೆ ಬಡಿದು ಬಿತ್ತು. ಅಕ್ಕ ಅದನ್ನೂ ಡಾಕ್ಟರಿಗೆ ಫೋನ್ ಮಾಡಿ ಇದ್ದದ್ದು ಇದ್ದಂತೆ ಹೇಳುತ್ತಿದ್ದರು. ಒಂದೂವರೆ ತಿಂಗಳಾದ ಮೇಲೆ ಒಂದು ಸಂಜೆ ಹುಡುಗಿ ನೀರು ಕೇಳಿ ನುಂಗಿದಳು.

ಮಾಳಿಗೆಯ ಮಾತು ಪೂರ್ತಿ ನಿಲ್ಲಲಿಲ್ಲ. ಅವಳು ಕಾಲೇಜಿಗೂ ಮರಳಲಿಲ್ಲ. ಆದರೆ ತಾಯಿ ಬಡಿದ ರೊಟ್ಟಿ ತಿಂದಳು, ಆಸ್ಪತ್ರೆಗೆ ಜೊತೆಯಲ್ಲಿ ಹೋಗಿಬಂದಳು.

ಹೋದ ಚಳಿಗಾಲದಲ್ಲಿ ಅಕ್ಕ ಎದೆನೋವೆಂದವರು ಮತ್ತೆ ಏಳಲಿಲ್ಲ. ಮುಡಬಿಯಿಂದ ಬಂದ ನೆಂಟರಿಗೆ ದುಃಖಕ್ಕಿಂತ ದೊಡ್ಡ ಚಿಂತೆ, ಹೆಣ ಎತ್ತುವಾಗ ಹುಡುಗಿ ರಂಪ ಮಾಡಿದರೆ ಎಂಬುದು. ಅವಳದೇ ಎರಡು ಗುಳಿಗೆ ಅರೆದು ಚಹಾದಲ್ಲಿ ಕದಡಿ ಕಪ್ಪನ್ನು ನನ್ನ ಕೈಗಿಟ್ಟರು. "ನಿಮ್ಮ ಮಾತು ಕೇಳ್ತಾಳ, ಕುಡಿಸ್ರಿ." ನಾಚಿಕೆಯಿಂದ ಹೇಳುತ್ತೇನೆ, ನಾನು ತೆಗೆದುಕೊಂಡು ಹೋದೆ.

ಅವಳು ಕಪ್ಪನ್ನು ನೋಡಿದಳು, ನನ್ನನ್ನು ನೋಡಿದಳು. "ಇದರಾಗ ಏನರ ಹಾಕ್ಯಾರೇನ್ರಿ ಟೀಚರ್?"

ಮಲಗಿದ್ದ ಅಕ್ಕನ ಎದುರಿಗೆ ನನಗೆ ಸುಳ್ಳು ಬಾಯಿಗೆ ಬರಲಿಲ್ಲ. "ಹೌದವಾ, ಹಾಕ್ಯಾರ."

ಅವಳು ಚಹಾವನ್ನು ಬಚ್ಚಲಿಗೆ ಚೆಲ್ಲಿ ಬಂದು ತಾಯಿಯ ತಲೆಯ ಬಳಿ ಕುಳಿತಳು. ಎತ್ತುವವರೆಗೂ ಗಟ್ಟಿಯಾಗಿ ಅತ್ತಳು, ತಾಯಿ ಸತ್ತರೆ ಯಾವ ಮಗಳಾದರೂ ಅಳುವಷ್ಟೇ. ಮಣ್ಣು ಮುಗಿದು ಮಂದಿ ಕರಗಿದ ಮೇಲೆ ನನ್ನ ಮುಂದೆ ಬಂದು ಅಂಗೈ ಚಾಚಿದಳು.

"ಈಗ ಕೊಡ್ರಿ. ಏನು ಅಂತ ಹೇಳಿ ಕೊಡ್ರಿ."

ಹೇಳಿ ಕೊಟ್ಟೆ. ಅವಳು ನುಂಗಿದಳು.