ಅಪ್ಪ ಕಲಿಸಿದ ಹಕಾರ

ಗುಂಡ್ಲುಪೇಟೆ ಮಂಡಿಯಲ್ಲಿ ಕೇರಳದ ಲಾರಿಗಳಿಗೆ ಈರುಳ್ಳಿ ತುಂಬಿಸುತ್ತಿದ್ದ ನಮ್ಮಪ್ಪ ಕನ್ನಡ ಆಡುವಾಗ ಹಕಾರವನ್ನು ಹತ್ತಿರವೇ ಸೇರಿಸುತ್ತಿರಲಿಲ್ಲ. ಹಾಲು ಅವರ ಬಾಯಲ್ಲಿ ಆಲು, ಹೋಗು ಎಂಬುದು ಓಗು. ಇಂಗ್ಲಿಷಿಗೆ ಬಂದರೆ ಮಾತ್ರ ಧಾರಾಳವಾಗಿ ಸುರಿಯುತ್ತಿದ್ದರು. ಆಪಲ್ ಹಾಪಲ್ ಆಗುತ್ತಿತ್ತು, ಎಗ್ ಹೆಗ್ ಆಗುತ್ತಿತ್ತು. ಸಂಜೆ ದೀಪ ಹಚ್ಚಿದ ಮೇಲೆ ನಾನೂ ಅಕ್ಕನೂ ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದು ಹತ್ತು ಇಂಗ್ಲಿಷ್ ಪದ ಹೇಳಬೇಕಿತ್ತು. ಉಸಿರು ಬಿಸಿಯಾಗಿ ಅಂಗೈಗೆ ತಾಕದಿದ್ದರೆ ಮತ್ತೆ ಮೊದಲಿಂದ. ಅಕ್ಕ ಕಳ್ಳಿ, ಉಫ್ ಎಂದು ಊದಿ ಪಾಸಾಗುತ್ತಿದ್ದಳು. ನಾನು ಮಹಾ ಪ್ರಾಮಾಣಿಕಳು, ಒಂದೊಂದನ್ನೂ ನಂಬಿ ಕಲಿತೆ.

ಆ ಇಂಗ್ಲಿಷ್ ಹೊತ್ತುಕೊಂಡು ಚಾಮರಾಜನಗರದ ಶಾಲೆಯೊಂದಕ್ಕೆ ಟೀಚರ್ ಕೆಲಸ ಕೇಳಲು ಹೋದೆ. ಎರಡನೇ ತರಗತಿಗೆ ಪಾಠ ಮಾಡಿ ತೋರಿಸಿ ಎಂದರು. ಹಣ್ಣುಗಳ ಚಿತ್ರ ಹಿಡಿದು “ಹಾಪಲ್, ಹಾರೆಂಜ್” ಎಂದೆ. ಮಕ್ಕಳು ಬಿದ್ದು ಬಿದ್ದು ನಕ್ಕವು. ಹಿಂದೆ ಕೂತಿದ್ದ ಇಬ್ಬರು ಟೀಚರುಗಳು ನಗಲಿಲ್ಲ, ಮುಖ ಮುಖ ನೋಡಿಕೊಂಡರು. ನನಗೆ ಮೈಯೆಲ್ಲ ಉರಿದುಹೋಯಿತು. ಕೆಲಸ ಸಿಗಲಿಲ್ಲ. ಮನೆಗೆ ಬಂದು, ಮೊದಲೇ ಬೇರೆಯವರನ್ನು ತೆಗೆದುಕೊಂಡುಬಿಟ್ಟಿದ್ದರು ಎಂದು ಸುಳ್ಳು ಹೇಳಿದೆ. ಆಮೇಲೆ ಮೊಬೈಲಿನಲ್ಲಿ ಇಂಗ್ಲಿಷ್ ಕೇಳಿ ಕೇಳಿ ನಾಲಿಗೆ ತಿದ್ದಿಕೊಂಡು ಬೇರೆ ಶಾಲೆ ಸೇರಿದೆ.

ಅಪ್ಪನ ಮೇಲಿನ ಸಿಟ್ಟು ಇಳಿದ ಮೇಲೆ ಕುತೂಹಲ ಶುರುವಾಯಿತು. ಹೈಸ್ಕೂಲಿನ ಮೆಟ್ಟಿಲು ಹತ್ತದ ಅಪ್ಪನಿಗೆ ಈ ಹಕಾರದ ಹುಚ್ಚು ಹಿಡಿಸಿದವರು ಯಾರು? ಸೋದರತ್ತೆಯನ್ನು ಕೇಳಿದೆ. ಮದುವೆಗೆ ಮುಂಚೆ ಅಪ್ಪ ಮೈಸೂರಿನ ಹೋಟೆಲೊಂದಕ್ಕೆ ಹೋಗಿ, “ನಿಮ್ ಓಟ್ಲಲ್ಲಿ ಕೆಲ್ಸ ಅದಾ ಸಾರ್?” ಎಂದು ಕೇಳಿದ್ದರಂತೆ. ಮಾಲೀಕ ‘ಓಟ್ಲು’ ಎಂಬ ಆ ಒಂದು ಪದವನ್ನು ಗಿರಾಕಿಗಳ ಮುಂದೆ ಮೂರು ಸಲ ಹೇಳಿಸಿ ನಗಿಸಿದನಂತೆ. ಅಪ್ಪ ಸಿಕ್ಕಿದ ಬಸ್ಸಿಗೆ ವಾಪಸ್ ಬಂದವರು ಮತ್ತೆ ಆ ಕಡೆ ಕೆಲಸ ಹುಡುಕಲಿಲ್ಲವಂತೆ. ಕೇಳಿ ನನಗೆ ಅಳು ಬಂತು. ಎಲ್ಲಿ ಬೇಕು ಎಂದು ಹೇಳಿಕೊಡುವವರಿಲ್ಲದೆ, ಯಾವುದಕ್ಕೂ ಇರಲಿ ಎಂದು ಎಲ್ಲದಕ್ಕೂ ಹಕಾರ ಹಚ್ಚಿದ್ದರು.

ಹೋದ ತಿಂಗಳು ಅಪ್ಪ ಆರು ವರ್ಷದ ನನ್ನ ಮಗಳಿಗೂ ಪಾಠ ಶುರುಮಾಡಿದರು. ಅವಳು, ಹಾಪಲ್ ಅಲ್ಲ ತಾತ, ತಪ್ಪು ಅದು ಎಂದುಬಿಟ್ಟಳು. ಅಪ್ಪ ಎದ್ದು ನಾನಿದ್ದ ಅಡುಗೆಮನೆ ಬಾಗಿಲಿಗೆ ಬಂದು ನಿಂತರು.

“ನಾನ್ ಯೇಳ್ಕೊಟ್ಟಿದ್ದೆಲ್ಲ ತಪ್ಪಾ ಕಣಮ್ಮಿ?”

ಒಂದಷ್ಟು ತಪ್ಪು ಎಂದೆ.

“ನಿನ್ನ ಯಾರೂ ಆಡ್ಕಂಡು ನಗ್ನಿಲ್ವಲ್ಲ?”

“ಯಾರೂ ನಗ್ನಿಲ್ಲ ಕಣಪ್ಪ.”

“ಅಂಗಾರೆ ಬುಡು,” ಎಂದು ಅಪ್ಪ ವಾಪಸ್ ಹೋಗಿ, ಸರಿಯಾಗಿ ಹೇಗೆ ಹೇಳಬೇಕೆಂದು ಮೊಮ್ಮಗಳನ್ನು ಕೇಳಿದರು.