ಗೋಧಿಯೊಳಗಿನ ಐದು ಗಂಟು

ನನಗೆ ಹಾವಿನ ಅಂಜಿಕೆಯಿಲ್ಲ, ಕತ್ತಲೆಯ ಅಂಜಿಕೆಯೂ ಇಲ್ಲ. ನನ್ನ ಅಂಜಿಕೆಯೆಲ್ಲ ನುಸಿಯದು. ಕಾಳಿಗೆ ಬೀಳುವ ಆ ಸಣ್ಣ ಹುಳ ಒಂದು ಕಂಡರೆ ಸಾಕು, ಇಡೀ ಡಬ್ಬಿಯನ್ನು ಹೊರಗೆ ಸುರಿಯುವವಳು ನಾನು. ನನ್ನ ಗಂಡ ಇದನ್ನು ಬಂದವರಿಗೆಲ್ಲ ಹೇಳಿ ನಗುತ್ತಾನೆ. ಬಸುರಿಯಾದಾಗಂತೂ ಈ ಅಂಜಿಕೆ ಮಿತಿ ಮೀರಿತು. ಏಳನೆಯ ತಿಂಗಳಲ್ಲಿ ಮನೆಗೆ ಹೊಸ ಗೋಧಿ ಬಂದಾಗ, ಕಾಳು ಕೆಡದಂತೆ ಹಾಕುವ ವಿಷದ ಗುಳಿಗೆಗಳನ್ನು ತರಿಸಿದೆ. ಹಳೆಯ ಬಿಳಿ ಧೋತರ ಹರಿದು, ಒಂದೊಂದು ಚೂರಿನಲ್ಲಿ ಒಂದೊಂದು ಗುಳಿಗೆ ಇಟ್ಟು ಐದು ಗಂಟು ಕಟ್ಟಿದೆ. ಹೊಟ್ಟೆ ಹೊತ್ತುಕೊಂಡು ಬಗ್ಗಲು ಆಗುತ್ತಿರಲಿಲ್ಲ. ಗಂಟುಗಳನ್ನು ಗಂಡನ ಕೈಗೆ ಕೊಟ್ಟು, ಡ್ರಮ್ಮಿಗೆ ಹಾಕಿ ಮುಚ್ಚಳ ಬಿಗಿಯಲು ಹೇಳಿದೆ. ಅವನು ಹಾಕಿ ಬಂದ. ಆಮೇಲೆ ಹೆರಿಗೆ, ಬಾಣಂತನ, ಕೂಸು; ಆ ಗೋಧಿಗೆ ಯಾರೂ ಕೈ ಹಚ್ಚಲಿಲ್ಲ. ಆ ಗಂಟುಗಳನ್ನು ನಾನು ಪೂರ್ತಿ ಮರೆತೆ.

ಮಗಳಿಗೆ ಏಳು ತಿಂಗಳಾದಾಗ ನನ್ನ ರಜೆ ಮುಗಿಯಲು ಒಂದು ವಾರ ಉಳಿದಿತ್ತು. ನಮ್ಮ ಮನೆ ಮೂಡಲಗಿಯಲ್ಲಿ. ನಾನು ಕಲಿಸುವ ಶಾಲೆ ಕಲ್ಲೋಳಿಯಲ್ಲಿ. ನಾನು ಶಾಲೆಗೆ ಹೋದ ಮೇಲೆ ಕೂಸಿಗೆ ಏನು ತಿನ್ನಿಸುವುದು ಎಂಬ ಚಿಂತೆಗೆ, ಸರಿಹಿಟ್ಟು ಮಾಡಿಕೊಡುತ್ತೇನೆಂದು ಅವ್ವ ಹುಕ್ಕೇರಿಯಿಂದ ಬಂದಳು. ನಮ್ಮನ್ನೆಲ್ಲ ಅದೇ ಹಿಟ್ಟಿನ ಮೇಲೆ ಬೆಳೆಸಿದವಳು. ಬಲಗಣ್ಣಿಗೆ ಪೊರೆ ಬಂದಿತ್ತು, ಆದರೆ ಅದನ್ನು ಯಾರ ಮುಂದೆಯೂ ಒಪ್ಪುತ್ತಿರಲಿಲ್ಲ. ಸೂಜಿಗೆ ದಾರ ಪೋಣಿಸಿ ತೋರಿಸಲೇನು ಎಂದು ಜಗಳಕ್ಕೇ ನಿಲ್ಲುತ್ತಿದ್ದಳು. ಪೋಣಿಸಿದ್ದನ್ನು ಮಾತ್ರ ನಾನು ನೋಡಿಲ್ಲ.

ಅವ್ವ ನಾಚಣಿಯನ್ನೂ, ಅಂದರೆ ರಾಗಿಯನ್ನೂ, ಹೆಸರುಕಾಳನ್ನೂ ಮೂರು ನೀರಿನಲ್ಲಿ ತೊಳೆದು, ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು ಮೊಳಕೆ ಬರಿಸಿದಳು. ನೆರಳಿನಲ್ಲಿ ಒಣಗಿಸಿ, ಅಂಗೈಯಲ್ಲಿ ತಿಕ್ಕಿ ಮೊಳಕೆಯ ಬಾಲ ಉದುರಿಸಿದಳು. ಗೋಧಿಯನ್ನು ಡ್ರಮ್ಮಿನಿಂದ ತೆಗೆದು, ಪಡಸಾಲೆಯಲ್ಲಿ ಕೂತು ಹಸನು ಮಾಡಿ, ತೊಳೆಯದೆ ಹಾಗೇ ಹುರಿದಳು. ತೊಳೆದ ಗೋಧಿಯ ಹಿಟ್ಟು ಬೇಗ ಮುಗ್ಗುತ್ತದೆ ಎಂಬುದು ಅವಳ ಲೆಕ್ಕ. ಎಲ್ಲವನ್ನೂ ಸಣ್ಣ ಉರಿಯಲ್ಲಿ ಬೇರೆ ಬೇರೆ ಹುರಿದು, ಒಂದಿಷ್ಟು ಒಣಶುಂಠಿ ಸೇರಿಸಿ, ಮಿಕ್ಸರಿಗೆ ಹಾಕಿ ತೆಳು ಬಟ್ಟೆಯಲ್ಲಿ ಸೋಸಿದಳು. ಅಷ್ಟು ಹೊತ್ತೂ ನಾನು ಕೋಣೆಯಲ್ಲಿ ಕೂಸಿಗೆ ಹಾಲು ಕೊಡುತ್ತ ಮಲಗಿದ್ದೆ.

ಇಡುವ ಕೆಲಸ ಮಾತ್ರ ನನ್ನದು. ಗಾಜಿನ ಬಾಟಲಿಗಳನ್ನು ಕುದಿಸಿ ಬಿಸಿಲಿಗಿಟ್ಟೆ. ಹಿಟ್ಟು ಪೂರ್ತಿ ಆರುವವರೆಗೆ ಮುಚ್ಚಳ ಹಾಕಲು ಬಿಡಲಿಲ್ಲ, ಬೆವರಿದರೆ ಬೂಸು ಹಿಡಿಯುತ್ತದೆಂದು. ಹಸಿ ಚಮಚ ಒಳಗೆ ಹೋಗಕೂಡದು, ಒಂದು ಬಾಟಲಿ ಮುಗಿಯುವವರೆಗೆ ಇನ್ನೊಂದನ್ನು ಮುಟ್ಟಕೂಡದು ಎಂದು ಕಟ್ಟಪ್ಪಣೆ ಮಾಡಿದೆ.

"ನೀ ಹಿಟ್ಟ ಇಡಾಕತ್ತಿಯೋ, ಬಂಗಾರ ಇಡಾಕತ್ತಿಯೋ?" ಎಂದು ಅವ್ವ ನಕ್ಕಳು.

ಮಗಳು ಮೊದಲ ದಿನವೇ ಬಟ್ಟಲು ಖಾಲಿ ಮಾಡಿದಳು. ಎರಡನೆಯ ದಿನವೂ ಹಾಗೆಯೇ. ಮೂರನೆಯ ದಿನ ಬೆಳಿಗ್ಗೆ ಎಂಟಕ್ಕೆ ಅವಳು ತಿಂದು ಮುಗಿಸಿದ ಮೇಲೆ, ನಾನು ಸ್ನಾನ ಮಾಡಿ ದೇವರ ಜಗಲಿಗೆ ದೀಪ ಹಚ್ಚಲು ಹೋದೆ. ಅವ್ವ ಬಂದಾಗಿನಿಂದ ಆ ಕೆಲಸ ಅವಳದೇ ಆಗಿತ್ತು. ಅಲ್ಲಿ ನಾಲ್ಕು ಬಿಳಿ ಗಂಟುಗಳು ಸಾಲಾಗಿ ಕೂತಿದ್ದವು. ಒಂದೊಂದರ ಮೇಲೆ ಒಂದೊಂದು ಹೂವಿತ್ತು.

"ಇವ ಎಲ್ಲಿಂದ ಬಂದುವವ್ವಾ?" ಎಂದೆ. ಎಲ್ಲಿಂದ ಬಂದವು ಎಂದು ನನಗೆ ಗೊತ್ತಿತ್ತು.

"ಗೋದ್ಯಾಗ ಸಿಕ್ಕವು. ನಿಮ್ಮ ಮನ್ಯಾಗೂ ಕಾಳಿಗೆ ವಿಭೂತಿ ಗಂಟ ಹಾಕ್ತಾರ ಅಂತ ನನಗ ಗೊತ್ತ ಇರಲಿಲ್ಲ ನೋಡು. ಕಣ್ಣಿಗೆ ಒತ್ತಿಕೊಂಡು ಜಗಲಿ ಮ್ಯಾಲ ಇಟ್ಟೇನಿ."

ಹುಕ್ಕೇರಿಯ ನಮ್ಮ ಮನೆಯಲ್ಲಿ ಆ ಪದ್ಧತಿ ಇದೆ. ಕಾಳು ತುಂಬುವಾಗ ಮಠದಿಂದ ತಂದ ವಿಭೂತಿಯನ್ನು ಪುಡಿ ಮಾಡಿ, ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ ಕಾಳಿನ ನಡುವೆ ಹುದುಗಿಸುತ್ತಾರೆ. ಮನೆಯ ಕೂಸಿಗೆ ಮೊದಲ ಸಲ ಹಿಟ್ಟು ಮಾಡುವಾಗ ಆ ಗಂಟು ಬಿಚ್ಚಿ ಅದರೊಳಗಿನ ಒಂದು ಚಿಟಿಕೆ ಹಿಟ್ಟಿಗೆ ಬೆರೆಸುತ್ತಾರೆ. ನಾನೂ ಅದನ್ನು ತಿಂದು ಬೆಳೆದವಳೇ.

"ಬಿಚ್ಚಿ ಹಿಟ್ಟಿಗೆ ಹಾಕಿದಿಯೇನು?"

"ಇಲ್ಲವಾ. ಗಂಟ ಭಾಳ ಬಿಗಿ ಇದ್ದವು, ಉಗುರಿಗೆ ಬರಲಿಲ್ಲ. ನಿಮ್ಮ ಜಗಲಿ ಮ್ಯಾಲಿನ ವಿಭೂತಿ ಗಟ್ಟಿ ತಿಕ್ಕಿ ಹಾಕಿದ್ನಿ. ಯಾಕ, ಏನಾತು?"

ಒಂದು ಉಸಿರು ಬಿಟ್ಟೆ. ಆಮೇಲೆ ಮತ್ತೆ ಎಣಿಸಿದೆ. ನಾಲ್ಕೇ ಇದ್ದವು.

"ಐದನೇದ ಎಲ್ಲಿ?"

"ನನಗ ಸಿಕ್ಕಿದ್ದು ನಾಕ."

ಡ್ರಮ್ಮನ್ನು ಪಡಸಾಲೆಗೆ ಉರುಳಿಸಿ ಬಗ್ಗಿಸಿದೆ. ಗೋಧಿ ನೆಲದ ತುಂಬ ಹರಿಯಿತು. ಮಂಡಿಯೂರಿ ಕೈಯಿಂದ, ಮೊಣಕೈಯಿಂದ ಕೆದರಿದೆ. ಗಂಟು ಇರಲಿಲ್ಲ, ಬಿಡಿ ಗುಳಿಗೆಯೂ ಇರಲಿಲ್ಲ. ಹಾಗಾದರೆ ಅದು ಅವ್ವನ ಮೊರಕ್ಕೆ ಬಂದಿರಬೇಕು. ಬಟ್ಟೆ ಬಿಚ್ಚಿ ಗುಳಿಗೆ ಗೋಧಿಯಲ್ಲಿ ಬೆರೆತಿರಬೇಕು, ಪೊರೆ ಬಂದ ಕಣ್ಣಿಗೆ ಅದು ಕಂಡಿರಲಿಕ್ಕಿಲ್ಲ. ಹುರಿಯುವಾಗ ಒಂದು ಕೆಟ್ಟ ವಾಸನೆ ಬಂದಿತ್ತಲ್ಲವೇ? ಬಂದಿತ್ತು ಎಂದೇ ಅನಿಸಿತು. ಈಗ ಯೋಚಿಸಿದರೆ ಅಂಥ ಯಾವ ವಾಸನೆಯೂ ಬಂದಿರಲಿಲ್ಲ. ಗಂಡ ಸಕ್ಕರೆ ಕಾರ್ಖಾನೆಯಲ್ಲಿ ದುಡಿಯುತ್ತಾನೆ; ಪಾಳಿ ಮುಗಿಯುವವರೆಗೆ ಅವನ ಫೋನು ಲಾಕರಿನಲ್ಲಿರುತ್ತದೆ. ಆದರೂ ಮೇಲಿಂದ ಮೇಲೆ ಹಚ್ಚಿದೆ.

ಅವ್ವನಿಗೆ ಗುಳಿಗೆಯ ವಿಷಯ ಹೇಳಿದ್ದು ಆಗಲೇ. ಅವಳ ಮುಖ ಬಿಳಿಚಿಕೊಂಡಿತು. ನಾನು ಅದನ್ನು ನೋಡಿಯೂ ನಿಲ್ಲಲಿಲ್ಲ.

"ಕಣ್ಣ ಕಾಣೂದಿಲ್ಲ ಅಂತ ಬಾಯಿಬಿಟ್ಟ ಹೇಳಾಕ ಏನಾಗಿತ್ತ ನಿನಗ? ನನ್ನ ಕೂಸಿಗೆ ವಿಷಾ ತಿನಿಸಿದಿ ನೀ."

ಆ ಹಿಟ್ಟನ್ನೆಲ್ಲ ಚೆಲ್ಲು ಎಂದು ಹೇಳಿ, ಮಗಳನ್ನು ಎತ್ತಿಕೊಂಡು ಚಪ್ಪಲಿ ಬದಲಾದದ್ದೂ ತಿಳಿಯದೆ ಬಸ್‌ಸ್ಟ್ಯಾಂಡಿಗೆ ಓಡಿದೆ. ಕೂಸಿನ ಡಾಕ್ಟರು ಇರುವುದು ಗೋಕಾಕದಲ್ಲಿ. ಹತ್ತಿರದಲ್ಲೇ ದವಾಖಾನೆ ಇದೆ ಎಂಬುದು ಆಗ ನನ್ನ ತಲೆಗೆ ಹೊಳೆಯಲೇ ಇಲ್ಲ.

ಬಸ್ಸಿನಲ್ಲಿ ಮಗಳು ನಿದ್ದೆ ಹೋದಳು. ದಿನವೂ ಅವಳು ಮಲಗುವ ಹೊತ್ತೇ ಅದು. ಆದರೆ ಅದು ನಿದ್ದೆಯೋ, ಎಚ್ಚರ ತಪ್ಪಿದ್ದೋ ಎಂಬುದು ನನಗೆ ತಿಳಿಯಲಿಲ್ಲ. ಮೂಗಿನ ಹತ್ತಿರ ಬೆರಳು ಹಿಡಿದೆ. ಬಾಯಿಯ ಹತ್ತಿರ ನನ್ನ ಮೂಗು ತಂದು ವಾಸನೆ ನೋಡಿದೆ, ಬರೀ ಹಾಲಿನ ವಾಸನೆ. ಅರಭಾವಿಯಲ್ಲಿ ಕಾಲೇಜು ಹುಡುಗರು ಹತ್ತಿ ಇಳಿಯುವವರೆಗೆ ಬಸ್ಸು ನಿಂತಿತು; ಅವರಲ್ಲೊಬ್ಬ ಚಿಲ್ಲರೆಗಾಗಿ ಕಂಡಕ್ಟರನೊಂದಿಗೆ ನಗುತ್ತ ಮಾತಾಡುತ್ತಿದ್ದ. ನನಗೆ ಅವನನ್ನು ಹೊಡೆಯಬೇಕೆನ್ನಿಸಿತು. ತಡೆಯಲಾಗದೆ ಮಗಳ ಪಾದವನ್ನು ಚಿವುಟಿದೆ. ಅವಳು ಕಿರ್ರೆಂದು ಅತ್ತಾಗ ನನಗೆ ಜೀವ ಬಂದಂತಾಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಕಣ್ಣು ಮುಚ್ಚಿದಳು, ಮತ್ತೆ ಚಿವುಟಿದೆ.

"ಯಾಕ್ರಿ ಬಾಯಿ, ಮಲಗಿದ ಕೂಸಿನ್ನ ಚೂಟಿ ಅಳಸ್ತೀರಿ?" ಎಂದು ಬಾಜೂ ಕೂತಿದ್ದ ಹೆಂಗಸು ಬೈದಳು. ನಾನು ಮಗಳನ್ನು ಇನ್ನೊಂದು ಮಗ್ಗುಲಿಗೆ ಹಾಕಿಕೊಂಡು ಕಿಟಕಿಯ ಕಡೆ ತಿರುಗಿದೆ.

ಡಾಕ್ಟರು ಎಲ್ಲವನ್ನೂ ಕೇಳಿಸಿಕೊಂಡರು. ಹೊಟ್ಟೆ ಒತ್ತಿ ನೋಡಿದರು, ಎದೆಗೆ ಕೊಳವೆ ಹಚ್ಚಿದರು, ಕಣ್ಣಿಗೆ ಬ್ಯಾಟರಿ ಬಿಟ್ಟರು. ಮಗಳು ಆ ಕೊಳವೆಯನ್ನೇ ಹಿಡಿದು ಬಾಯಿಗೆ ಒಯ್ದಳು. ಮಧ್ಯಾಹ್ನದವರೆಗೆ ಅಲ್ಲೇ ಕೂರಿಸಿ, ಎರಡು ಸಲ ನೋಡಿ, ಕಡೆಗೆ ಹೇಳಿದರು:

"ಕೂಸು ಆರಾಮ ಐತ್ರಿ. ಆ ಗುಳಿಗಿ ಹೊಟ್ಟಿಗೆ ಹೋಗಿದ್ರ ಇಷ್ಟೊತ್ತಿಗೆ ವಾಂತಿ ಆಗಿ, ಕೂಸು ಕೈಕಾಲ ಬಿಟ್ಟಂಗ ಆಗ್ತಿತ್ತು. ಸಂಜೀ ತನಕ ಲಕ್ಷ್ಯ ಇಡ್ರಿ. ಅಂಥಾವನ್ನ ತಿನ್ನೂ ಕಾಳಿನಾಗ ಯಾರು ಹಾಕಿದವರು?"

ನಾನೇ ಎಂದೆ. ಅವರು ಇನ್ನೇನೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮನೆಗೆ ಬಂದಾಗ ಮೂರು ಗಂಟೆ ದಾಟಿತ್ತು. ಪಡಸಾಲೆಯ ಗೋಧಿಯನ್ನು ಅವ್ವ ಬಳಿದು ಒಂದು ಮೂಲೆಗೆ ರಾಶಿ ಮಾಡಿದ್ದಳು. ಹಿಟ್ಟಿನ ಬಾಟಲಿಗಳು ತೊಳೆದು ಬೋರಲು ಬಿದ್ದಿದ್ದವು. ಅವಳು ಅಡಿಗೆಮನೆಯ ಗೋಡೆಗೆ ಒರಗಿ, ಎರಡೂ ಕೈಗಳನ್ನು ಹೊಟ್ಟೆಯ ಮೇಲಿಟ್ಟುಕೊಂಡು ಕೂತಿದ್ದಳು. ಕೂಸನ್ನು ನೋಡಿ ಕೈ ಚಾಚಿದಳು, ಆಮೇಲೆ ತಾನೇ ಕೈ ಹಿಂದೆಗೆದಳು.

"ಆರಾಮ ಅದಾಳು," ಎಂದೆ. "ಹಿಟ್ಟ ಎಲ್ಲಿ ಚೆಲ್ಲಿದಿ? ದನಾ ಗಿನಾ ತಿಂದಾವು ಮತ್ತ."

"ಚೆಲ್ಲಿಲ್ಲ."

"ಮತ್ತ?"

"ಕುದಿಸಿ ನಾ ತಿಂದೆ. ಒಂದ ಬಾಟಲಿ ತಿಂದೆ, ಉಳದದ್ದು ಆಗಲಿಲ್ಲ, ತಗ್ಗ ತೋಡಿ ಮುಚ್ಚೇನಿ."

ಯಾಕೆ ಎಂದು ಕೇಳಿದ್ದು ನನಗೇ ಕೇಳಿಸದಷ್ಟು ಸಣ್ಣ ದನಿಯಲ್ಲಿ.

"ನೀ ಹ್ವಾದ ಮ್ಯಾಲ ಕುಂತ ಯೋಚನೆ ಮಾಡಿದ್ನಿ. ಹಿಟ್ಟಿನಾಗ ಇತ್ತೋ ಇಲ್ಲೋ ಯಾರಿಗೆ ಗೊತ್ತ? ಇದ್ರ ನನಗೂ ಆಗತೈತಿ. ಆದ್ರ ಫೋನ್ ಮಾಡಿ ನಿನಗ ಹೇಳೂಣು, ಡಾಕ್ಟರಿಗೆ ಗೊತ್ತಾಗತೈತಿ ಅಂದ್ಕೊಂಡ್ನಿ. ಕೂಸಿನ್ನ ಬಾಯಿಬಿಟ್ಟ ಕೇಳಾಕ ಬರತೈತೇನು?"

ಅವಳಿಗೆ ಎಪ್ಪತ್ತು ವರ್ಷ, ಬಿಪಿ ಗುಳಿಗೆ ನುಂಗುವ ಮೈ. ಡಾಕ್ಟರು ಹೇಳಿದ ಒಂದೊಂದು ಲಕ್ಷಣವನ್ನೂ ಈಗ ನಾನು ಅವ್ವನ ಮುಖದಲ್ಲಿ ಹುಡುಕಲು ಶುರು ಮಾಡಿದೆ. ಹೊಟ್ಟೆ ನೋವಿದೆಯಾ ಎಂದೆ, ತುಂಬಿದೆ ಎಂದಳು. ತೊಡೆಯ ಮೇಲೆ ಮಗಳನ್ನು ಹಾಕಿಕೊಂಡು, ಅವ್ವನ ಮಣಿಕಟ್ಟು ಹಿಡಿದು ಕೂತೆ. ನಾಡಿ ನೋಡಲು ನನಗೆ ಬರುವುದಿಲ್ಲ. ಅದು ಬಡಿಯುತ್ತಿದೆ ಎಂಬುದಷ್ಟೇ ತಿಳಿಯುತ್ತಿತ್ತು. ಆಗ ನೋಡಿದೆ, ಅವಳ ಬೆರಳುಗಳು ನನ್ನ ಸೆರಗಿನ ತುದಿಯನ್ನು ಬಿಗಿಯಾಗಿ ಹಿಡಿದಿದ್ದವು. ಬೆಳಗಿನಿಂದ ನಾನೊಬ್ಬಳೇ ಅಂಜಿದ್ದೇನೆ ಎಂದುಕೊಂಡಿದ್ದೆ.

ನಾಲ್ಕು ಗಂಟೆಗೆ ಗಂಡನ ಫೋನು ಬಂತು. ನಾನು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ.

"ಗೋದಿಗೆ ನಾಕ ಹಾಕಿ, ಒಂದ ಜ್ವಾಳದ ಡ್ರಮ್ಮಿಗೆ ಹಾಕಿದ್ನೆಲ್ಲ. ಗೋದಿಗೆ ನಾಕ ಸಾಕಾದವು ಅಂತ. ನಿನಗ ಹೇಳಿದ್ದಿಲ್ಲೇನು?"

ಜೋಳದ ಡ್ರಮ್ಮಿನ ಮುಚ್ಚಳ ತೆಗೆದು ಭುಜದವರೆಗೆ ಕೈ ಹಾಕಿದೆ. ಐದನೆಯ ಗಂಟು ತಳದಲ್ಲಿತ್ತು, ನಾನು ಕಟ್ಟಿದಷ್ಟೇ ಬಿಗಿಯಾಗಿ. ತಂದು ಅವ್ವನಿಗೆ ತೋರಿಸಿದೆ. ಅವಳು ಅದನ್ನು ಮುಟ್ಟಲಿಲ್ಲ, ದೂರದಿಂದಲೇ ನೋಡಿದಳು. "ಹಂಗಾದ್ರ ನನ್ನ ಹಿಟ್ಟ ಚಲೋ ಇತ್ತು," ಎಂದಳು. ನಾನು ಅವಳ ಕಾಲ ಹತ್ತಿರ ಕೂತು ಅತ್ತೆ, ತಪ್ಪಾಯಿತು ಎಂದೆ. ಅದಕ್ಕೇನವಾ, ಕೂಸಿನ ತಾಯಿ ನೀನು, ಅನ್ನದೆ ಬಿಡುತ್ತೀಯಾ ಎಂದು ಬೆನ್ನು ಸವರಿದಳು.

ಗುಳಿಗೆ ಬಿದ್ದ ಗೋಧಿ, ಜೋಳ ಎರಡನ್ನೂ ಮನೆಯಿಂದ ಹೊರಗೆ ಹಾಕಿದೆವು. ಮರುದಿನ ಹೊಸ ಗೋಧಿ ಬಂತು. ಅವ್ವ ಅದನ್ನು ಹಸನು ಮಾಡಿ, ಹಿತ್ತಾಳೆ ತಾಟಿನಲ್ಲಿ ತೆಳ್ಳಗೆ ಹರವಿಕೊಂಡು ನನ್ನ ಕೋಣೆಗೆ ಬಂದಳು. "ಒಂದೀಟ ನೋಡವಾ, ನನ್ನ ಕಣ್ಣ ಕಾಣೂದಿಲ್ಲ," ಎಂದಳು. ಆ ಮಾತನ್ನು ಅವಳ ಬಾಯಲ್ಲಿ ಕೇಳಿದ್ದು ಅದೇ ಮೊದಲು. ನೋಡುವುದೇನೂ ಬೇಡ, ಹುರಿ ಎಂದೆ. ಅವಳು ಕದಲಲಿಲ್ಲ. ಈಗ ಮಗಳು ಓಡಾಡುತ್ತಾಳೆ, ರೊಟ್ಟಿ ಮುರಿದು ತಿನ್ನುತ್ತಾಳೆ. ಅವ್ವನ ಕಣ್ಣಿನ ಪೊರೆಯನ್ನೂ ತೆಗೆಸಿದ್ದೇವೆ. ಆದರೂ ಹುಕ್ಕೇರಿಯಿಂದ ಬಂದಾಗಲೆಲ್ಲ, ಮೊಮ್ಮಗಳಿಗೆ ಏನಾದರೂ ಮಾಡುವ ಮೊದಲು ಅವ್ವ ಕಾಳಿನ ತಾಟನ್ನು ನನ್ನ ಮುಂದೆ ಹಿಡಿದು ನಿಲ್ಲುತ್ತಾಳೆ. ನಾನು ನೋಡಿ ಹೂಂ ಅನ್ನುವವರೆಗೆ ಒಲೆ ಹಚ್ಚುವುದಿಲ್ಲ.