ಮಸ್ಟಾಂಗಿನವರ ಮಗಳು, ಕಮಾರೋದವರ ಸೊಸೆ

ನಮ್ಮ ಮನೆಯವರ ಹೆಸರು ಬಸಲಿಂಗಪ್ಪ. ಹುಟ್ಟಿದ್ದು ರಾಣೆಬೆನ್ನೂರು, ಈಗಿರುವುದು ಡಾಲಸ್ ಪಕ್ಕದ ಕ್ಯಾರಲ್ಟನ್, ಕೆಲಸ ಲಾಸ್ ಕೊಲಿನಾಸಿನ ಒಂದು ಆಫೀಸಿನಲ್ಲಿ. ಕುಡಿಯುವುದಿಲ್ಲ, ಸೇದುವುದಿಲ್ಲ, ಇಸ್ಪೀಟು ಮುಟ್ಟುವುದಿಲ್ಲ. ಯಾರನ್ನು ಕೇಳಿದರೂ ಒಳ್ಳೆಯ ಮನುಷ್ಯ ಅನ್ನುತ್ತಾರೆ. ನಾನೂ ಅನ್ನುತ್ತೇನೆ, ಅವರು ಕಾರಿನ ಮಾತೆತ್ತುವವರೆಗೆ.

ನಮ್ಮ ಮಗಳು ಸಿಂಚನಾ ಒಂದನೇ ತರಗತಿಗೆ ಸೇರಿದ ಕಾಲಕ್ಕೆ ಫೋರ್ಡ್ ಕಂಪನಿಯವರು ತಮ್ಮ ಮಸ್ಟಾಂಗ್ ಕಾರಿಗೆ ಮತ್ತೆ ಹಳೆಯ ಮುಖ ಕೊಟ್ಟರು. ಅರವತ್ತರ ದಶಕದಲ್ಲಿ ಇಲ್ಲಿನ ಹುಡುಗರು ಹುಚ್ಚು ಹಿಡಿದು ಓಡಿಸುತ್ತಿದ್ದ ಕಾರಿನ ಅದೇ ಉದ್ದನೆಯ ಮೂಗು, ಅದೇ ದುಂಡು ದೀಪ. ಆ ಹುಡುಗರೆಲ್ಲ ಈಗ ಮುದುಕರಾಗಿದ್ದಾರೆ, ಕೈಯಲ್ಲಿ ದುಡ್ಡಿದೆ, ಹಳೆಯದನ್ನು ಕಂಡರೆ ಕರಗುತ್ತಾರೆ ಎಂದು ಕಂಪನಿಯವರು ಎಣಿಸಿರಬೇಕು. ಸರಿ, ಅವರು ಕರಗಲಿ. ನಮ್ಮವರು ಯಾಕೆ ಕರಗಬೇಕು? ಆಗ ಇವರು ಹುಟ್ಟಿಯೇ ಇರಲಿಲ್ಲ. ಹುಟ್ಟಿದ ಮೇಲೂ ರಾಣೆಬೆನ್ನೂರಿನಲ್ಲಿ ಕಂಡದ್ದು ಡಾಕ್ಟರರ ಒಂದು ಅಂಬಾಸಿಡರ್, ಸ್ಟೇಷನ್ನಿನ ಮುಂದೆ ನಿಲ್ಲುವ ನಾಲ್ಕಾರು ಟಾಂಗಾ. ಯಾರದೋ ಬಾಲ್ಯದ ನೆನಪನ್ನು ಇವರು ಕಂತಿನ ಮೇಲೆ ಮನೆಗೆ ತಂದು ಗ್ಯಾರೇಜಿನಲ್ಲಿ ನಿಲ್ಲಿಸಿದರು. ನೀಲಿ ಬಣ್ಣ, ನಡುವೆ ಎರಡು ಬಿಳಿ ಪಟ್ಟೆ, ಮೂಗಿನ ಮೇಲೆ ಓಡುವ ಕುದುರೆಯ ಚಿತ್ರ. ಅಂದಿನಿಂದ ನನ್ನ ಮಿನಿವ್ಯಾನು ಬಿಸಿಲಲ್ಲಿ ನಿಲ್ಲುತ್ತದೆ.

ಒಬ್ಬರು ಮಾಡಿದರೆ ಇನ್ನೊಬ್ಬರು ಸುಮ್ಮನಿರುತ್ತಾರೆಯೇ? ಕೆಲವು ವರ್ಷಕ್ಕೆ ಡಾಡ್ಜ್‌ನವರು ಅಟ್ಟದಿಂದ ತಮ್ಮ ಹಳೆಯ ಚಾಲೆಂಜರ್ ಇಳಿಸಿ ಧೂಳು ಕೊಡವಿದರು, ಅದರ ಬೆನ್ನಿಗೇ ಶೆವರ್ಲೆಯವರು ಕಮಾರೋ ಇಳಿಸಿದರು. ನನ್ನ ದುರದೃಷ್ಟಕ್ಕೆ ಆ ಕಮಾರೋಗಳಲ್ಲಿ ಒಂದನ್ನು, ಹಳದಿ ಬಣ್ಣದ್ದನ್ನು, ಹ್ಯೂಸ್ಟನ್ ಹತ್ತಿರದ ಸ್ಟಾಫರ್ಡ್‌ನಲ್ಲಿ ಕಿರಾಣಿ ಅಂಗಡಿ ಇಟ್ಟಿರುವ ಗದಿಗೆಪ್ಪನವರು ಕೊಂಡರು. ಅವರು ಬ್ಯಾಡಗಿಯವರು. ನಮ್ಮವರ ಪಕ್ಕದ ತಾಲೂಕು.

ಇಬ್ಬರೂ ಮೊದಲು ಎದುರಾದದ್ದು ಆಸ್ಟಿನ್ನಿನ ರಾಜ್ಯೋತ್ಸವದಲ್ಲಿ. ಒಳಗೆ ಮಕ್ಕಳು ನಾಡಗೀತೆ ಹಾಡುತ್ತಿದ್ದರೆ ಇವರಿಬ್ಬರೂ ಪಾರ್ಕಿಂಗಿನಲ್ಲಿ ಬಾನೆಟ್ ತೆರೆದುಕೊಂಡು ವಾದಕ್ಕೆ ನಿಂತಿದ್ದರು. ನಾನು ಊಟಕ್ಕೆ ಕರೆಯಲು ಹೋದಾಗ ಗದಿಗೆಪ್ಪನವರು, "ಅಕ್ಕಾರ, ನಿಮ್ಮವರಿಗೆ ಕುದರಿ ಚಿತ್ರ ಇರೂ ಗಾಡಿನ ಬೇಕಂದ್ರ ಊರಾಗ ಟಾಂಗಾ ಇದ್ದುವಲ್ರಿ," ಅಂದರು. ನಮ್ಮವರ ಕಿವಿ ಕೆಂಪಾಯಿತು. ಮನೆದೇವರನ್ನು ಬೈದರೆ ನಕ್ಕು ಸುಮ್ಮನಾಗುವ ಮನುಷ್ಯ ಇವರು. ಆದರೆ ಆ ಮಾತನ್ನು ಡಾಲಸ್ ಮುಟ್ಟುವ ತನಕ ಆಡಿದ್ದೇ ಆಡಿದರು. ನನಗೆ ತಲೆ ಚಿಟ್ಟು ಹಿಡಿಯಿತು. ಅದು ಆರಂಭ. ಆಮೇಲೆ ಸಂಕ್ರಾಂತಿ, ಯುಗಾದಿ, ಯಾರದೋ ಮಗುವಿನ ಹೆಸರಿಡುವ ಕಾರ್ಯಕ್ರಮ, ಎಲ್ಲಿ ಸೇರಿದರೂ ಇದೇ. ಡೆಟ್ರಾಯಿಟ್ಟಿನ ದೊಡ್ಡ ದೊಡ್ಡ ಕಂಪನಿಗಳ ಪೈಪೋಟಿಯನ್ನು ಹಾವೇರಿ ಜಿಲ್ಲೆಯ ಇಬ್ಬರು ತಲೆಯ ಮೇಲೆ ಹೊತ್ತು ತಿರುಗಿದರು. ಆ ಕಂಪನಿಗಳಿಗೆ ಇವರಿಬ್ಬರೂ ಹುಟ್ಟಿದ್ದು ಸಹ ಗೊತ್ತಿಲ್ಲ.

ಕೊನೆಗೆ ಕಂಪನಿಯವರೇ ಜಗಳ ಬಿಟ್ಟರು. ಮೊದಲು ಚಾಲೆಂಜರ್ ನಿಂತಿತು, ಅದಾಗಿ ಸ್ವಲ್ಪ ದಿನಕ್ಕೆ ಕಮಾರೋ ಮಾಡುವುದನ್ನೂ ನಿಲ್ಲಿಸಿದರು. ಕಣದಲ್ಲಿ ಉಳಿದದ್ದು ಮಸ್ಟಾಂಗ್ ಒಂದೇ. ಇನ್ನಾದರೂ ಮುಗಿಯಿತು ಎಂದು ನಾನು ಉಸಿರು ಬಿಟ್ಟೆ. ನಮ್ಮವರು ಧಾರವಾಡ ಪೇಡೆಯ ಡಬ್ಬಿ ತರಿಸಿ ಕ್ಯಾರಲ್ಟನ್ನಿನಲ್ಲೆಲ್ಲ ಹಂಚಿ, ಒಂದನ್ನು ಕೊರಿಯರ್ ಮಾಡಿ ಸ್ಟಾಫರ್ಡ್‌ಗೂ ಕಳಿಸಿದರು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಹಾಗೆ ಗದಿಗೆಪ್ಪನವರು ಫೋನ್ ಮಾಡಿದರು.

"ಪೇಡೆ ಛಲೋ ಇದ್ದುವ್ರಿ. ಇನ್ನ ಮುಂದ ಸಿಗೂದಿಲ್ಲ ಅಂದಮ್ಯಾಲೆ ನಮ್ಮದು ಬಂಗಾರ ಆತು. ನಿಮ್ಮದು ಸಂತ್ಯಾಗಿನ ಬದನಿಕಾಯಿ, ಯಾವಾಗ ಬೇಕಂದ್ರ ಆವಾಗ ಸಿಗತೈತಿ."

ನಮ್ಮವರು ಆ ರಾತ್ರಿ ಊಟ ಬಿಟ್ಟರು.

ಹೀಗಿರುವಾಗ ಆಸ್ಟಿನ್ನಿನಲ್ಲಿ ಓದು ಮುಗಿಸಿ ಅಲ್ಲೇ ಕೆಲಸಕ್ಕಿದ್ದ ಸಿಂಚನಾ ಒಂದು ಭಾನುವಾರ ಮನೆಗೆ ಬಂದು, ತಾನು ಮದುವೆಯಾಗುವುದಾದರೆ ವಿಜಯ್‌ನನ್ನೇ ಅಂದಳು. ಯಾವ ವಿಜಯ್ ಎಂದು ಕೇಳಿದೆ. ಗದಿಗೆಪ್ಪನವರ ಮಗ. ಟೆಕ್ಸಾಸಿನಲ್ಲಿ ಕನ್ನಡದ ಹುಡುಗರಿಗೆ ಬರವಿತ್ತೇ ಎಂದು ಒಂದು ಕ್ಷಣ ನನಗೂ ಅನ್ನಿಸಿತು. ಹುಡುಗ ಮಾತ್ರ ಚಿನ್ನದಂಥವನು. "ಆಂಟಿ, ನಂಗ ಕಾರಂದ್ರ ಇಂಟ್ರೆಸ್ಟ್ ಇಲ್ಲ, ನಾ ಆಫೀಸಿಗೆ ಸೈಕಲ್ ಮ್ಯಾಲೆ ಹೋಗ್ತೀನಿ," ಅಂದ. ಆ ಒಂದೇ ಮಾತಿಗೆ ನಾನು ಅವನನ್ನು ಅಳಿಯನೆಂದು ಒಪ್ಪಿಕೊಂಡೆ. ಅವನ ತಾಯಿ ರಂಜನಿಯವರೂ ನನ್ನ ಹಾಗೆಯೇ ಇಷ್ಟು ವರ್ಷ ಬೆಂದ ಜೀವ. ನಾವಿಬ್ಬರೂ ಫೋನಿನಲ್ಲೇ ಎಲ್ಲ ಮಾತಾಡಿ ಮುಗಿಸಿದೆವು.

ಮುಗಿಯದೇ ಉಳಿದದ್ದು ಗಾಡಿಯ ಮಾತು. ನಮ್ಮ ಮನೆತನದ ಪದ್ಧತಿಯಲ್ಲಿ ವರನನ್ನು ಇದಿರುಗೊಂಡು ಮೆರವಣಿಗೆಯಲ್ಲಿ ಮಂಟಪಕ್ಕೆ ತರುವ ಗಾಡಿ ಹೆಣ್ಣಿನವರದು. ಮದುವೆ ಮುಗಿದ ಮೇಲೆ ಮದುಮಗಳನ್ನು ಕರೆದೊಯ್ಯುವ ಗಾಡಿ ಗಂಡಿನವರದು. ಅಂದರೆ ಗದಿಗೆಪ್ಪನವರ ಮಗ ಮಸ್ಟಾಂಗಿನಲ್ಲಿ ಬರಬೇಕು, ಬಸಲಿಂಗಪ್ಪನವರ ಮಗಳು ಕಮಾರೋದಲ್ಲಿ ಹೋಗಬೇಕು. ಇಬ್ಬರು ಬೀಗರೂ ತಲೆ ಅಲ್ಲಾಡಿಸಿಬಿಟ್ಟರು. ಕುಲ ಕೂಡಿತ್ತು, ಊರು ಕೂಡಿತ್ತು, ಹುಡುಗ ಹುಡುಗಿ ಎಂದೋ ಕೂಡಿದ್ದರು. ಎರಡು ಕಾರು ಮಾತ್ರ ಕೂಡಲೊಲ್ಲವು. ಕಡೆಗೆ ನಾನು ಮತ್ತು ರಂಜನಿ ಇಬ್ಬರನ್ನೂ ಎದುರಿಗೆ ಕೂಡಿಸಿ, ಪದ್ಧತಿ ಹೇಗಿದೆಯೋ ಹಾಗೆ, ಬರುವಾಗ ಮಸ್ಟಾಂಗ್, ಹೋಗುವಾಗ ಕಮಾರೋ ಎಂದು ಒಪ್ಪಿಸಿದೆವು.

ಸಿಂಚನಾ ಇಡೀ ಮದುವೆಯಲ್ಲಿ ಕೇಳಿದ್ದು ಒಂದೇ. ಹೊರಡುವಾಗ ಹಡೆದವರು ಮಗಳ ಕೈಯನ್ನು ಅತ್ತೆಯ ಕೈಯಲ್ಲಿಟ್ಟು, "ಇಷ್ಟು ದಿನ ನಮ್ಮ ಮಗಳು, ಇನ್ನು ನಿಮ್ಮ ಮಗಳು," ಎಂದು ಒಪ್ಪಿಸಿಕೊಡುತ್ತಾರಲ್ಲ, ಅದು ಆಗಬೇಕು. ಗೆಳತಿಯರ ಮದುವೆಯಲ್ಲಿ ಬಾಡಿಗೆ ಮಂಟಪದ ಟೈಮ್ ಮುಗಿಯಿತೆಂದು ಅದನ್ನೇ ಬಿಟ್ಟದ್ದನ್ನು ಅವಳು ನೋಡಿದ್ದಳು. "ದಟ್ ಒನ್ ಥಿಂಗ್, ಅಮ್ಮಾ. ಅಪ್ಪಾನೇ ಮಾಡಬೇಕು. ನೋ ಡ್ರಾಮಾ," ಅಂದಳು. ಅಪ್ಪನ ಮುಂದೆಯೂ ಹೇಳಿದಳು. ಅವರು, "ಆತವ್ವಾ," ಅಂದರು.

ಮದುವೆಯ ದಿನ ಬೆಳಿಗ್ಗೆ ಮಸ್ಟಾಂಗಿಗೆ ಚೆಂಡು ಹೂವಿನ ಮಾಲೆ ಹಾಕಿ ಮೆರವಣಿಗೆಗೆ ನಿಲ್ಲಿಸಿದ್ದೆವು. ವಿಜಯ್ ಹತ್ತುವ ಮುಂಚೆ ಗದಿಗೆಪ್ಪನವರು ಬಾಗಿಲು ತೆರೆದು ಸೀಟಿನ ಮೇಲೆ ಒಂದು ಟವೆಲ್ ಹಾಸಿದರು. ಟವೆಲ್ಲಿನ ಮೇಲೆ ದೊಡ್ಡದಾಗಿ ಕಮಾರೋ ಚಿತ್ರ. ನಮ್ಮವರು ನೋಡಿದರು. ಅವರು ನೋಡಿದ್ದನ್ನು ನಾನು ನೋಡಿದೆ. ಅಕ್ಕಿಕಾಳು ಹಾಕುವಾಗಲೂ ಮುಖ ಬಿಗಿದೇ ಇತ್ತು, ಊಟದಲ್ಲಿ ಹೋಳಿಗೆ ಮುಟ್ಟಲಿಲ್ಲ.

ಮಧ್ಯಾಹ್ನ ಹೊರಡುವ ಹೊತ್ತಿಗೆ ನಾನು ಮಗಳ ಉಡಿ ತುಂಬಿ ಹೊರಗೆ ಕರೆತಂದರೆ, ಮಸ್ಟಾಂಗ್ ಕಮಾರೋಗೆ ಅಡ್ಡ ನಿಂತಿತ್ತು. ಹಿಂದೆ ಗೋಡೆ. ಇವರು ಕೀಲಿಯನ್ನು ಜೇಬಿಗೆ ಹಾಕಿಕೊಂಡು ನಿಂತಿದ್ದರು.

"ನನ್ನ ಗಾಡಿ ಸೀಟಿಗೆ ಟವೆಲ್ ಹಾಸ್ತೀರಿ ಅಂದ್ರ ಏನರ್ಥರಿ ಬೀಗರ? ನಮ್ಮ ಗಾಡಿ ಮೈಲಿಗಿ ಏನು?"

"ಹುಡುಗನ ರೇಷ್ಮಿ ಧೋತರ ಹೊಲಸಾದೀತು ಅಂತ ಹಾಸೇನ್ರಿ."

"ಹಂಗಾದ್ರ ಕಮಾರೋ ಚಿತ್ರದ್ದ ಯಾಕ್ ಬೇಕಾಗಿತ್ತು?"

"ಮನ್ಯಾಗ ಇದ್ದದ್ದು ಅದೊಂದ."

ಸುತ್ತ ನಿಂತ ಮಂದಿ ಮೊದಲು ನಕ್ಕರು, ಆಮೇಲೆ ನಗು ನಿಂತಿತು. ನಮ್ಮವರು ತಮ್ಮ ಮಗಳು ಆ ಗಾಡಿಯಲ್ಲಿ ಕೂಡುವುದಿಲ್ಲ ಅಂದರು. ಗದಿಗೆಪ್ಪನವರು ತಮ್ಮ ಸೊಸೆ ಬೇರೆ ಗಾಡಿಯಲ್ಲಿ ತಮ್ಮ ಹೊಸ್ತಿಲಿಗೆ ಬರುವುದಿಲ್ಲ ಅಂದರು. ಮೇ ತಿಂಗಳ ಡಾಲಸ್ ಬಿಸಿಲಿನಲ್ಲಿ, ಉಡಿಯಲ್ಲಿ ಅಕ್ಕಿ ಕೊಬ್ಬರಿ ಹೊತ್ತು ನನ್ನ ಮಗಳು ನಿಂತಿದ್ದಳು. ಒಪ್ಪಿಸಿಕೊಡುವುದು ಯಾರಿಗೂ ನೆನಪಿರಲಿಲ್ಲ. ರಂಜನಿಯವರು ಕೈ ಮುಂದೆ ಮಾಡಿ ನಿಂತವರು ಮೆಲ್ಲಗೆ ಇಳಿಸಿದರು. ನಾನು ಗಂಡನ ಹತ್ತಿರ ಹೋಗಿ, "ರೀ, ಮಗಳ ಮಾರಿನಾದ್ರೂ ನೋಡ್ರಿ," ಅಂದೆ. ಅವರು ನೋಡಲಿಲ್ಲ. ಮಸ್ಟಾಂಗ್ ಒಳಗೆ ಕೂತು ಬಾಗಿಲು ಹಾಕಿಕೊಂಡರು.

ಸಿಂಚನಾ ನನ್ನ ಕಡೆ ತಿರುಗಿ, "ಅಮ್ಮಾ, ನಿನ್ನ ವ್ಯಾನ್. ಪ್ಲೀಸ್. ಜಸ್ಟ್ ಡ್ರೈವ್," ಅಂದಳು.

ಡ್ರೈವ್ ಮಾಡಿದೆ. ಮಗಳನ್ನು ಕಳಿಸುವ ತಾಯಿ ಸೆರಗು ಬಾಯಿಗೆ ಹಿಡಿದು ಅಳುತ್ತ ನಿಲ್ಲುವುದು ಲೋಕದ ರೂಢಿ, ನಾನು ನಲವತ್ತೈದನೇ ಹೈವೇ ಹಿಡಿದು ಹ್ಯೂಸ್ಟನ್ ಕಡೆ ಹೊರಟೆ. ಹಿಂದಿನ ಸೀಟಿನಲ್ಲಿ ಸಿಂಚನಾ, ವಿಜಯ್, ರಂಜನಿ. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಈ ವ್ಯಾನಿನಲ್ಲಿ ನಾನು ಇಷ್ಟು ವರ್ಷ ಅಕ್ಕಿ ಮೂಟೆ ತಂದಿದ್ದೇನೆ, ಸಂಘದ ಪಾತ್ರೆ ಹೊತ್ತಿದ್ದೇನೆ, ಜ್ವರ ಬಂದ ಮಗಳನ್ನು ಮಲಗಿಸಿಕೊಂಡು ಆಸ್ಪತ್ರೆಗೆ ಓಡಿದ್ದೇನೆ. ಇದಕ್ಕಾಗಿ ಯಾರೂ ಯಾರ ಜೊತೆಗೂ ಜಗಳ ಆಡಲಿಲ್ಲ, ಯಾರೂ ಪೇಡೆ ಹಂಚಲಿಲ್ಲ. ಕನ್ನಡಿಯಲ್ಲಿ ನೋಡಿದರೆ ಹಿಂದೆ ನೀಲಿ ಮಸ್ಟಾಂಗ್, ಅದರ ಹಿಂದೆ ಹಳದಿ ಕಮಾರೋ, ಒಂದೊಂದರಲ್ಲಿ ಒಬ್ಬೊಬ್ಬರು. ನಾನು ಬೇಕೆಂದೇ ನಿಧಾನ ಹೋದೆ. ಇಬ್ಬರಿಗೂ ನನ್ನನ್ನು ದಾಟಿ ಹೋಗುವ ಮುಖವಿರಲಿಲ್ಲ.

ಮ್ಯಾಡಿಸನ್‌ವಿಲ್ ದಾಟುವ ಮುನ್ನ ಬಂಕಿನಲ್ಲಿ ಗ್ಯಾಸ್, ಅಂದರೆ ಪೆಟ್ರೋಲು, ಹಾಕಿಕೊಳ್ಳಲು ನಿಲ್ಲಿಸಿದೆ. ಅವರಿಬ್ಬರೂ ಬಂದು ದೂರ ದೂರ ನಿಲ್ಲಿಸಿದರು, ಇಳಿಯಲಿಲ್ಲ. ಸಿಂಚನಾ ಧಾರೆ ಸೀರೆಯಲ್ಲೇ ಇಳಿದು, ಲಾರಿಗಳ ನಡುವೆ ನಡೆದು, ಮಸ್ಟಾಂಗಿನ ಗಾಜು ತಟ್ಟಿದಳು. ನಾನು ಹಿಂದೆಯೇ ಹೋದೆ. ವರ್ಷಗಳಿಂದ ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಅರ್ಧ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದ ಹುಡುಗಿ, ನಾನು ಅವರನ್ನು ಮಾತಾಡಿಸುವ ರೀತಿಯಲ್ಲೇ, "ಅಪ್ಪಾ, ಇಳೀರಿ," ಅಂದಳು.

ಇಳಿದರು. ಅವಳು ಕೈ ಮುಂದೆ ಮಾಡಿ, "ಒಪ್ಪಿಸ್ರಿ," ಅಂದಳು.

ರಂಜನಿಯವರು ಓಡಿ ಬಂದರು. ಗದಿಗೆಪ್ಪನವರೂ ಇಳಿದು ಬಂದು ಹೆಂಡತಿಯ ಪಕ್ಕ ತಲೆ ತಗ್ಗಿಸಿ ನಿಂತರು. ನಮ್ಮವರು ಮಗಳ ಕೈಯನ್ನು ತಮ್ಮ ಎರಡೂ ಕೈಯಲ್ಲಿ ತೆಗೆದುಕೊಂಡರು. "ಇಷ್ಟು ದಿನ ನಮ್ಮ ಮಗಳು..." ಅಂದರು. ಮುಂದಿನ ಮಾತು ಬರಲಿಲ್ಲ. ಪಕ್ಕದ ಪಂಪಿನಲ್ಲಿ ಒಬ್ಬ ಟೋಪಿಯ ಮುದುಕ ಗ್ಯಾಸ್ ಹಾಕುವುದನ್ನು ಬಿಟ್ಟು ನೋಡುತ್ತಿದ್ದ. ನಮ್ಮವರ ಮೇಲೆ ಮುಂಜಾನೆಯಿಂದ ನನಗಿದ್ದ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಅವರ ಕೈಯ ಕೆಳಗೆ ನನ್ನ ಕೈಯಿಟ್ಟು, ಉಳಿದರ್ಧ ನಾನೇ ಹೇಳಿದೆ. "ಇನ್ನು ನಿಮ್ಮ ಮಗಳು." ಆಗ ನನಗೂ ಅಳು ಬಂತು.

ನಮ್ಮವರೇ ಹೋಗಿ ಕಮಾರೋದ ಬಾಗಿಲು ತೆರೆದರು. "ಬಾರವ್ವಾ. ನಿಮ್ಮ ಮನಿ ಗಾಡ್ಯಾಗ ಹೋಗು," ಅಂದರು. ಅವಳು ಕೂತ ಮೇಲೆ ಸೀರೆಯ ಅಂಚು ಬಾಗಿಲಿಗೆ ಸಿಗದಂತೆ ಒಳಗೆ ಸರಿಸಿ ಬಾಗಿಲು ಹಾಕಿದರು. ವಿಜಯ್ ಓಡಿಸಲು ಕೂತ. ನಮ್ಮವರು ಮಸ್ಟಾಂಗಿನ ಕೀಲಿಯನ್ನು ಗದಿಗೆಪ್ಪನವರ ಕೈಗೆ ಕೊಟ್ಟರು.

"ಬೀಗರ, ಇದನ್ನ ನೀವು ತರ್ರಿ. ನನಗ ದಾರಿ ಕಾಣವಲ್ದು."

ಗದಿಗೆಪ್ಪನವರು ಕೀಲಿ ನೋಡಿದರು, ಇವರ ಮುಖ ನೋಡಿದರು. ಹೋಗಿ ಮಸ್ಟಾಂಗ್ ಹತ್ತಿದರು.

ನಮ್ಮವರು ಬಂದು ನನ್ನ ಪಕ್ಕದಲ್ಲಿ ಕೂತರು, ಹಿಂದೆ ರಂಜನಿ. ಹಳದಿ ಕಮಾರೋ ಮುಂದೆ ಹೈವೇಗೆ ಇಳಿಯುತ್ತಿತ್ತು. ಇಷ್ಟು ವರ್ಷ ಯಾವ ರಸ್ತೆಯಲ್ಲಿ ಯಾವ ಕಮಾರೋ ಮುಂದಿದ್ದರೂ ಅದನ್ನು ದಾಟದೆ ಬಿಡದ ಮನುಷ್ಯ, ಕಣ್ಣು ಒರೆಸಿಕೊಂಡು ಅದನ್ನೇ ನೋಡುತ್ತ ನನಗೆ ಅಂದರು:

"ಅದರ ಹಿಂದನ ನಡಿ, ವಾಣಿ. ಕಣ್ಮರಿ ಆಗಾಕ ಬಿಡಬ್ಯಾಡ."

ನಾನು ಅದರ ಹಿಂದೆಯೇ ಹೋದೆ.